ಮಾಲೆಮೆಯಲ್ಲಿ ಒಂದು ರಾತ್ರಿ: ಕ್ರೀಟ್ ಕೈತಪ್ಪಿದ್ದು ಹೇಗೆ?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಗ್ರೀಸ್‌ನ ಕ್ರೀಟ್ ದ್ವೀಪವನ್ನು ಬರೀ ಪ್ಯಾರಾಚೂಟ್ ಸೈನಿಕರಿಂದ ಹಿಡಿದರು ಎಂದು ಓದಿದ್ದೇನೆ. ದ್ವೀಪ ಕಾಯುತ್ತಿದ್ದವರ ಸಂಖ್ಯೆ ದಾಳಿ ಮಾಡಿದವರಿಗಿಂತ ಹೆಚ್ಚಿತ್ತಂತೆ, ದಾಳಿಯ ದಿನವೂ ಬ್ರಿಟಿಷರಿಗೆ ಮೊದಲೇ ತಿಳಿದಿತ್ತಂತೆ. ಹಾಗಿದ್ದೂ ಸೋತದ್ದು ಹೇಗೆ? ಗೆದ್ದ ಹಿಟ್ಲರ್ ಮತ್ತೆಂದೂ ಅಷ್ಟು ದೊಡ್ಡ ಪ್ಯಾರಾಚೂಟ್ ದಾಳಿಗೆ ಕೈಹಾಕಲಿಲ್ಲವಲ್ಲ, ಏಕೆ?

ಉತ್ತರ: ನೀವು ಓದಿದ್ದರಲ್ಲಿ ಒಂದನ್ನು ಮೊದಲು ತಿದ್ದಬೇಕು. ಕ್ರೀಟ್ ಪ್ಯಾರಾಚೂಟಿನಿಂದ ಬಿದ್ದ ದ್ವೀಪವಲ್ಲ. ದಾಳಿಯ ಮೊದಲ ದಿನ, 1941ರ ಮೇ 20ರ ಕತ್ತಲಾಗುವ ಹೊತ್ತಿಗೆ, ಪ್ಯಾರಾಚೂಟ್ ಪಡೆ ಹೆಚ್ಚುಕಡಿಮೆ ಸೋತೇ ಹೋಗಿತ್ತು. ದ್ವೀಪ ಕೈಬಿಟ್ಟದ್ದು ಮರುದಿನ, ಜರ್ಮನ್ ಸಾಗಣೆ ವಿಮಾನಗಳು ಮಾಲೆಮೆ ಎಂಬಲ್ಲಿ ನೆಲಕ್ಕಿಳಿದು ಸೈನಿಕರನ್ನು ಬಸ್ಸಿನಿಂದ ಇಳಿಸಿದಂತೆ ಇಳಿಸತೊಡಗಿದ ಮೇಲೆ. ಅದಕ್ಕೆ ಒಂದು ರನ್‌ವೇ ಬೇಕಿತ್ತು. ಅದನ್ನು ಕಾಯುತ್ತಿದ್ದವರು ಆ ರಾತ್ರಿ ಎದ್ದು ಹೋದರು. ಏಕೆ ಹೋದರು ಅನ್ನುವುದೇ ನಿಮ್ಮ ಪ್ರಶ್ನೆಯ ತಿರುಳು. ಅಲ್ಲಿಗೆ ಬರುವ ಮೊದಲು ಸಂಖ್ಯೆಯ ವಿಷಯ ಮುಗಿಸೋಣ.

ದ್ವೀಪದಲ್ಲಿ ಬ್ರಿಟಿಷ್, ಆಸ್ಟ್ರೇಲಿಯನ್, ನ್ಯೂಜಿಲೆಂಡ್ ಸೈನಿಕರು ಸೇರಿ ಸುಮಾರು 32,000, ಗ್ರೀಕರು ಸುಮಾರು 10,000. ಜರ್ಮನ್ನರು ಹೂಡಿದ್ದು 22,000ದ ಆಸುಪಾಸು: ಪ್ಯಾರಾಚೂಟಿನಲ್ಲಿ 10,000, ಗ್ಲೈಡರುಗಳಲ್ಲಿ 750, ವಿಮಾನದಿಂದ ನೆಲಕ್ಕೆ ಇಳಿಯುವವರು 5,000, ಸಮುದ್ರದ ಮೇಲೆ ದೋಣಿಗಳಲ್ಲಿ 7,000. ಕಾಗದದ ಮೇಲೆ ಒಂದಕ್ಕೆ ಎರಡು. ಆದರೆ ಆ 32,000ದಲ್ಲಿ ಬಹಳ ಮಂದಿ ಕೆಲವೇ ವಾರಗಳ ಹಿಂದೆ ಗ್ರೀಸ್‌ನಿಂದ ಹಡಗು ಹತ್ತಿ ತಪ್ಪಿಸಿಕೊಂಡು ಬಂದವರು. ಬರುವಾಗ ಫಿರಂಗಿ, ಲಾರಿ, ವೈರ್‌ಲೆಸ್ ಸೆಟ್ಟು ಎಲ್ಲ ಅಲ್ಲೇ ಬಿಟ್ಟಿದ್ದರು. ಫಿರಂಗಿದಳದವರ ಕೈಯಲ್ಲಿ ಫಿರಂಗಿ ಇಲ್ಲ, ಚಾಲಕರಿಗೆ ವಾಹನವಿಲ್ಲ. ಸಿಕ್ಕಿದ ಫಿರಂಗಿಗಳಲ್ಲಿ ಎಷ್ಟೋ ಇಟಾಲಿಯನ್ನರಿಂದ ಕಸಿದವು, ಕೆಲವಕ್ಕೆ ಗುರಿ ಹಿಡಿಯುವ ಸಾಧನವೇ ಇರಲಿಲ್ಲ. ಗುದ್ದಲಿ, ಸಲಿಕೆ ಸಾಲದೆ ಕಂದಕ ತೋಡಲು ತಲೆಯ ಮೇಲಿನ ಉಕ್ಕಿನ ಟೊಪ್ಪಿಯನ್ನೇ ಬಳಸಿದವರಿದ್ದರು.

ನೆಲದ ಆಕಾರ ಇನ್ನೂ ಕೆಟ್ಟದ್ದು. ಕ್ರೀಟ್ ಪೂರ್ವ ಪಶ್ಚಿಮವಾಗಿ ಸುಮಾರು 260 ಕಿಲೋಮೀಟರ್ ಉದ್ದ, ನಡುವೆ ಬೆನ್ನೆಲುಬಿನಂತೆ ಬೆಟ್ಟಸಾಲು. ಬಂದರುಗಳು, ಪಟ್ಟಣಗಳು, ಮೂರು ವಿಮಾನ ನೆಲೆಗಳು ಎಲ್ಲ ಉತ್ತರದ ಕರಾವಳಿಯಲ್ಲಿ, ಅಂದರೆ ಜರ್ಮನ್ನರು ಕುಳಿತಿದ್ದ ಗ್ರೀಸ್‌ನ ಎದುರಿಗೆ. ಪಶ್ಚಿಮದಿಂದ ಪೂರ್ವಕ್ಕೆ ಮಾಲೆಮೆ, ಹಾನ್ಯಾ ಪಟ್ಟಣ, ಸೂಡಾ ಬಂದರು, ರೆಥಿಮ್ನೊ, ಹೆರಾಕ್ಲಿಯನ್. ಇವನ್ನೆಲ್ಲ ಪೋಣಿಸುವುದು ಒಂದೇ ಒಂದು ರಸ್ತೆ. ಆಕಾಶ ಪೂರ್ತಿ ಜರ್ಮನ್ ವಿಮಾನಗಳ ಕೈಯಲ್ಲಿದ್ದಾಗ ಹಗಲಿನಲ್ಲಿ ಆ ರಸ್ತೆಯಲ್ಲಿ ಲಾರಿ ಓಡಿಸುವಂತಿಲ್ಲ. ಹೀಗಾಗಿ 42,000 ಸೈನಿಕರು ಒಂದು ಸೈನ್ಯವಾಗಿ ಇರಲೇ ಇಲ್ಲ. ಒಬ್ಬರಿಗೊಬ್ಬರು ನೆರವಾಗಲಾರದ ನಾಲ್ಕು ತುಂಡುಗಳಾಗಿದ್ದರು.

ಈಗ ಪ್ಯಾರಾಚೂಟಿನ ಕಥೆ. 'ಆಕಾಶದಿಂದ ಇಳಿದು ಬಂದ ಯೋಧ' ಎಂಬ ಚಿತ್ರ ಮನಸ್ಸಿನಲ್ಲಿ ಇರುವವರೆಗೆ ಕ್ರೀಟ್ ಅರ್ಥವಾಗುವುದಿಲ್ಲ.

ಜರ್ಮನ್ನರ ಪ್ಯಾರಾಚೂಟಿನಲ್ಲಿ ಹಗ್ಗಗಳೆಲ್ಲ ಬೆನ್ನ ಹಿಂದೆ ಒಂದು ಕಡೆ ಸೇರುತ್ತಿದ್ದವು. ಬ್ರಿಟಿಷರದ್ದರಲ್ಲಿ ಹಗ್ಗ ಎರಡು ಹೆಗಲ ಮೇಲಿಂದ ಹಾದು ಬರುವುದರಿಂದ ಅದನ್ನು ಎಳೆದು ಸ್ವಲ್ಪ ಮಟ್ಟಿಗೆ ದಿಕ್ಕು ತಿರುಗಿಸಬಹುದು. ಜರ್ಮನ್ ಸೈನಿಕನ ಕೈಗೆ ಹಗ್ಗ ಎಟುಕುವುದೇ ಇಲ್ಲ. ಕತ್ತಿನ ಹಿಂಭಾಗ ಹಿಡಿದೆತ್ತಿದ ಬೆಕ್ಕಿನ ಮರಿಯಂತೆ ಮುಂದಕ್ಕೆ ಬಾಗಿ ತೂಗುತ್ತ, ಗಾಳಿ ಒಯ್ದಲ್ಲಿಗೆ ಹೋಗಬೇಕು. ಛತ್ರಿ ಬಿಚ್ಚಿಕೊಂಡಾಗಿನ ಏಟು ಬೆನ್ನಿಗೇ ಬೀಳುವುದರಿಂದ ವಿಮಾನದ ಬಾಗಿಲಿಂದ ಕೈಕಾಲು ಚಾಚಿ ತಲೆಕೆಳಗಾಗಿ ಧುಮುಕಬೇಕು. ನಿಂತ ಭಂಗಿಯಲ್ಲಿ ಹಾರಿದರೆ ಮೈ ಹಗ್ಗಕ್ಕೆ ಸುತ್ತಿಕೊಳ್ಳುತ್ತದೆ, ಇಲ್ಲವೆ ಸೊಂಟ ಉಳುಕುತ್ತದೆ. ಇಳಿಯುವಾಗ ಮೊದಲು ನೆಲಕ್ಕೆ ತಾಗುವುದು ಕಾಲು, ಕೂಡಲೇ ಮಂಡಿ ಮತ್ತು ಅಂಗೈ, ಆಮೇಲೆ ಮುಂದಕ್ಕೆ ಉರುಳು. ಮಂಡಿಗೆ ದಪ್ಪ ಮೆತ್ತೆ, ಕೈಗೆ ಉದ್ದ ಗವಸು ಹಾಕುತ್ತಿದ್ದದ್ದು ಇದಕ್ಕಾಗಿ.

ಹೀಗೆ ಇಳಿಯುವವನು ಎದೆಗೆ ರೈಫಲ್ ಕಟ್ಟಿಕೊಂಡರೆ ಮೂಳೆ ಮುರಿಯುವುದು ಖಂಡಿತ. ಆದ್ದರಿಂದ ಹೆಚ್ಚಿನವರ ಬಳಿ ಇದ್ದದ್ದು ಒಂದು ಪಿಸ್ತೂಲು, ಕೆಲವು ಕೈಬಾಂಬು, ಹಗ್ಗ ಕೊಯ್ಯಲು ಒಂದು ಚಾಕು. ನಾಲ್ವರಲ್ಲಿ ಒಬ್ಬನ ಬಳಿ ಸಬ್‌ಮೆಷಿನ್ ಗನ್. ರೈಫಲ್, ಮೆಷಿನ್ ಗನ್, ಮಾರ್ಟರ್, ಗುಂಡು, ಔಷಧಿ, ವೈರ್‌ಲೆಸ್ ಎಲ್ಲವೂ ಬೇರೆ ಪೆಟ್ಟಿಗೆಗಳಲ್ಲಿ, ಬೇರೆ ಛತ್ರಿಗಳಲ್ಲಿ ಬೀಳುತ್ತಿದ್ದವು. ಮನುಷ್ಯನಷ್ಟು ಉದ್ದದ ಉರುಳೆಯಾಕಾರದ ಪೆಟ್ಟಿಗೆ. ಯಾವ ತುಕಡಿಯದ್ದೆಂದು ಗುರುತಿಸಲು ಬಣ್ಣದ ಪಟ್ಟಿ, ಎಳೆದೊಯ್ಯಲು ಹಿಡಿ ಮತ್ತು ಪುಟ್ಟ ಚಕ್ರಗಳು. 43 ಜನರ ಒಂದು ಪ್ಲಟೂನಿಗೆ ಇಂಥ 14 ಪೆಟ್ಟಿಗೆ ಬೇಕಾಗುತ್ತಿತ್ತು.

ಲೆಕ್ಕ ಹಾಕಿ ನೋಡಿ. ಯುಂಕರ್ಸ್ 52 ಎಂಬ ಮೂರು ಎಂಜಿನ್ನಿನ ಸಾಗಣೆ ವಿಮಾನ ಹನ್ನೆರಡು ಹದಿಮೂರು ಜನರನ್ನು ಹೊತ್ತು ಸುಮಾರು 120 ಮೀಟರ್ ಎತ್ತರದಲ್ಲಿ, ಗಂಟೆಗೆ 180 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಹಾಯುತ್ತದೆ ಎಂದಿಟ್ಟುಕೊಳ್ಳೋಣ. ಅಂದರೆ ಸೆಕೆಂಡಿಗೆ 50 ಮೀಟರ್. ಎಲ್ಲರೂ ಹತ್ತು ಸೆಕೆಂಡಿನಲ್ಲಿ ಹಾರಿದರೂ ಮೊದಲಿಗ ಮತ್ತು ಕೊನೆಯವನ ನಡುವೆ 500 ಮೀಟರ್ ಅಂತರ. ಬಾಗಿಲಲ್ಲಿ ಒಬ್ಬ ಎರಡು ಸೆಕೆಂಡು ತಡವರಿಸಿದರೆ ಇನ್ನೂ ನೂರು ಮೀಟರ್. ಅವರ ಪೆಟ್ಟಿಗೆಗಳು ಆಚೆ ಎಲ್ಲೋ. ಖಾಲಿ ಬಯಲಿನಲ್ಲಿ ಇಳಿದರೆ ಕೆಲವೇ ನಿಮಿಷಗಳಲ್ಲಿ ಎಲ್ಲ ಕೂಡಿಸಿಕೊಳ್ಳಬಹುದು. ಆಲಿವ್ ತೋಪಿನ ಪ್ರತಿ ಮರದ ಕೆಳಗೆ ರೈಫಲ್ ಹಿಡಿದ ನ್ಯೂಜಿಲೆಂಡಿಗ ಕುಳಿತಿದ್ದರೆ ಆ ಕೆಲವು ನಿಮಿಷ ಸಿಗುವುದಿಲ್ಲ. ಮೊದಲು ನಾಲ್ಕು ಬಕಲ್ ಬಿಚ್ಚಿ ಛತ್ರಿಯಿಂದ ಬಿಡಿಸಿಕೊಳ್ಳಬೇಕು, ಆಮೇಲೆ ಪೆಟ್ಟಿಗೆ ಹುಡುಕಬೇಕು, ಆಮೇಲೆ ಅದರತ್ತ ತೆವಳಬೇಕು. ಕಾಯುವವರು ಬೇಗ ಕಲಿತರು: ಮನುಷ್ಯನನ್ನು ಅಟ್ಟಿಕೊಂಡು ಹೋಗುವುದು ಬೇಡ, ಪೆಟ್ಟಿಗೆಯ ಮೇಲೆ ಗುರಿ ಇಟ್ಟು ಕುಳಿತರೆ ಸಾಕು, ಅವನೇ ಬರುತ್ತಾನೆ.

ಮಾಲೆಮೆಯ ಪೂರ್ವಕ್ಕೆ ಇಳಿದ ದಾಳಿ ರೆಜಿಮೆಂಟಿನ ಮೂರನೇ ಬೆಟಾಲಿಯನ್‌ಗೆ ಆದದ್ದು ಇದೇ. ಮೇಜರ್ ಶೆರ್ಬರ್ ನಾಯಕತ್ವದ ಸುಮಾರು 600 ಜನ ಖಾಲಿ ಜಾಗ ಅಂದುಕೊಂಡು ಇಳಿದದ್ದು ನೇರ ನ್ಯೂಜಿಲೆಂಡ್ ಬೆಟಾಲಿಯನ್‌ಗಳ ಕಂದಕಗಳ ತಲೆಯ ಮೇಲೆ. ಅವರಲ್ಲಿ 400ರಷ್ಟು ಮಂದಿ ಸತ್ತರು. ಶೆರ್ಬರ್ ಕೂಡ. ಜರ್ಮನ್ ಗೂಢಚಾರ ವಿಭಾಗ ಇಡೀ ದ್ವೀಪದಲ್ಲಿ 5,000 ಸೈನಿಕರಿದ್ದಾರೆ ಎಂದು ಅಂದಾಜಿಸಿತ್ತು. ಮೇಲಿಂದ ತೆಗೆದ ಫೋಟೋಗಳಲ್ಲಿ ಆಲಿವ್ ಮರ ಕಾಣುತ್ತದೆ, ಅದರ ಕೆಳಗೆ ಇರುವವನು ಕಾಣುವುದಿಲ್ಲ.

ಗ್ಲೈಡರುಗಳ ಪಾಡು ಬೇರೆ ಬಗೆಯದು. ಎಂಜಿನ್ ಇಲ್ಲದ, ಯುಂಕರ್ಸ್ ಎಳೆದುಕೊಂಡು ಬರುವ ಈ ಡಿಎಫ್‌ಎಸ್ 230ಗಳಲ್ಲಿ ಚಾಲಕ ಸೇರಿ ಹತ್ತು ಜನ. ಇವುಗಳ ಅನುಕೂಲವೆಂದರೆ ಹತ್ತೂ ಜನ ಒಟ್ಟಿಗೆ, ಆಯುಧ ಕೈಯಲ್ಲೇ ಇಟ್ಟುಕೊಂಡು ಇಳಿಯಬಹುದು. ಅನನುಕೂಲವೆಂದರೆ ಕ್ರೀಟಿನ ನೆಲ: ಕಲ್ಲು ಕಟ್ಟಿದ ಮೆಟ್ಟಿಲು ಹೊಲಗಳು, ಬಂಡೆ, ಒಣ ಹಳ್ಳ. ಉಕ್ಕಿನ ಕೊಳವೆ, ಮರ ಮತ್ತು ಬಟ್ಟೆಯ ಆ ಯಂತ್ರ ಕಲ್ಲಿನ ಕಟ್ಟೆಗೆ ಬಡಿದರೆ ಒಳಗಿನವರೆಲ್ಲ ಹೋದಂತೆ. ಪ್ಯಾರಾಚೂಟ್ ವಿಭಾಗದ ದಂಡನಾಯಕ ಜನರಲ್ ಸ್ಯೂಸ್ಮಾನ್ ಕ್ರೀಟ್ ಮುಟ್ಟಲೇ ಇಲ್ಲ. ಪಕ್ಕದಲ್ಲಿ ಹಾದುಹೋದ ಬಾಂಬರ್ ಎಬ್ಬಿಸಿದ ಗಾಳಿಯ ಹೊಡೆತಕ್ಕೆ ಹಗ್ಗ ಹರಿದು, ಅವನ ಗ್ಲೈಡರ್ ದಾರಿಯಲ್ಲಿ ಏಜಿನಾ ದ್ವೀಪದ ಮೇಲೆ ಬಿದ್ದಿತು.

ಇದರ ಜೊತೆಗೆ ವಿಮಾನಗಳ ಲೆಕ್ಕಾಚಾರದ ಎಡವಟ್ಟು. ಸುಮಾರು 500 ಯುಂಕರ್ಸ್ ಇದ್ದರೂ ಅವು ಪಡೆಯ ಅರ್ಧವನ್ನು ಮಾತ್ರ ಒಂದು ಸಲಕ್ಕೆ ಒಯ್ಯಬಲ್ಲವು. ಹಾಗಾಗಿ ಬೆಳಗಿನ ಅಲೆ ಮಾಲೆಮೆ ಮತ್ತು ಹಾನ್ಯಾಕ್ಕೆ, ಅದೇ ವಿಮಾನಗಳು ಗ್ರೀಸ್‌ಗೆ ಮರಳಿ ಮಧ್ಯಾಹ್ನದ ಅಲೆಯನ್ನು ರೆಥಿಮ್ನೊ ಮತ್ತು ಹೆರಾಕ್ಲಿಯನ್‌ಗೆ ಒಯ್ಯಬೇಕು. ಯೋಜನೆ ಚೆನ್ನಾಗಿತ್ತು. ಆದರೆ ಗ್ರೀಸ್‌ನ ಆ ಹಾರುವ ನೆಲೆಗಳು ಹಿಂದಿನ ದಿನದವರೆಗೆ ಹೊಲಗಳಾಗಿದ್ದವು. ಒಂದು ಗುಂಪು ಹಾರಿತೆಂದರೆ ಎದ್ದ ಕೆಂಧೂಳು ಅಡಗುವವರೆಗೆ ಮುಂದಿನ ಗುಂಪಿನ ಚಾಲಕನಿಗೆ ರನ್‌ವೇ ಕಾಣದು. ಮರಳಿ ಬಂದ ವಿಮಾನಗಳಿಗೆ ಪೀಪಾಯಿಯಿಂದ ಕೈಪಂಪಿನಲ್ಲಿ ಪೆಟ್ರೋಲ್ ತುಂಬಬೇಕು. ಆ ಪೆಟ್ರೋಲಿಗೂ ಒಂದು ಕಥೆಯಿದೆ: ಏಪ್ರಿಲ್ 26ರಂದು ಕೊರಿಂತ್ ಕಾಲುವೆಯ ಸೇತುವೆ ಹಿಡಿಯುವಾಗ ಅದು ಸ್ಫೋಟಗೊಂಡು ಕಾಲುವೆಗೇ ಬಿದ್ದಿತ್ತು. ಮುಳುಗುಗಾರರು ಅದನ್ನು ತೆರವು ಮಾಡುವವರೆಗೆ ಇಂಧನದ ಹಡಗು ದಾಟಲಿಲ್ಲ. ದಾಳಿ ಮೂರು ದಿನ ಮುಂದೆ ಹೋಗಿ ಮೇ 20ಕ್ಕೆ ನಿಂತದ್ದಕ್ಕೆ ಇದೂ ಒಂದು ಕಾರಣ.

ಫಲ ಏನಾಯಿತೆಂದರೆ, ಹೆರಾಕ್ಲಿಯನ್ ಮೇಲೆ ಬಾಂಬ್ ಹಾಕುವ ವಿಮಾನಗಳು ಹೇಳಿದ ಹೊತ್ತಿಗೆ ಬಂದು, ಹಾಕಿ, ಇಂಧನ ಮುಗಿದು ಹೊರಟುಹೋದವು. ಯುಂಕರ್ಸ್‌ಗಳು ಆಮೇಲೆ ಬಂದವು, ಅದೂ ಒಟ್ಟಿಗಲ್ಲ, ಮೂರು ಇಲ್ಲಿ, ಹತ್ತು ಅಲ್ಲಿ. ಅಲ್ಲಿಯವರೆಗೆ ಸುಮ್ಮನೆ ಅಡಗಿ ಕುಳಿತಿದ್ದ ವಿಮಾನವಿರೋಧಿ ಫಿರಂಗಿಗಳಿಗೆ ನಿಧಾನವಾಗಿ, ತಗ್ಗಿನಲ್ಲಿ, ನೇರ ಗೆರೆಯಲ್ಲಿ ಹಾರಿ ಬರುವ ಗುರಿ ಸಿಕ್ಕಿತು. ಹೆರಾಕ್ಲಿಯನ್ನಿನಲ್ಲಿ ಬ್ರಿಗೇಡಿಯರ್ ಚಾಪೆಲ್, ರೆಥಿಮ್ನೊದಲ್ಲಿ ಆಸ್ಟ್ರೇಲಿಯಾದ ಕರ್ನಲ್ ಕ್ಯಾಂಪ್‌ಬೆಲ್ ಎರಡೂ ರನ್‌ವೇಗಳನ್ನು ಉಳಿಸಿಕೊಂಡರು. ರೆಥಿಮ್ನೊದ ಮೇಲೆ ಬಂದ ಜರ್ಮನ್ ಕರ್ನಲ್ ಸ್ಟುರ್ಮ್ ಸೆರೆಯೇ ಸಿಕ್ಕಿದ. ಸಿಕ್ಕಿದ ಕಾಗದಗಳಿಂದ ಜರ್ಮನ್ನರ ಸಂಕೇತಗಳನ್ನು ತಿಳಿದುಕೊಂಡು, ಅವರ ಬಾವುಟವನ್ನೇ ನೆಲದ ಮೇಲೆ ಹಾಸಿ, ಅವರ ವಿಮಾನಗಳಿಂದಲೇ ಗುಂಡು ಔಷಧಿ ಬೀಳಿಸಿಕೊಂಡ ಪ್ರಸಂಗಗಳೂ ಇವೆ.

ಆ ರಾತ್ರಿ ಅಥೆನ್ಸ್‌ನ ಹೋಟೆಲಿನಲ್ಲಿ ಕುಳಿತಿದ್ದ ಜನರಲ್ ಕುರ್ಟ್ ಸ್ಟುಡೆಂಟ್‌ಗೆ (ಈ ಇಡೀ ಸಾಹಸ ಅವನ ತಲೆಯಿಂದ ಬಂದದ್ದು) ಕೈಗೆ ಒಂದು ರನ್‌ವೇಯೂ ಬಂದಿರಲಿಲ್ಲ. ಉಳಿದ ಪ್ಯಾರಾಚೂಟ್ ಪಡೆ ಕೆಲವೇ ಕಂಪನಿ, ಅಂದರೆ ಬೆಟಾಲಿಯನ್ನಿನ ಒಳಗಿನ ತುಕಡಿಗಳು. ಎಲ್ಲವನ್ನೂ ಮಾಲೆಮೆಗೇ ಸುರಿಯುವುದೆಂದು ಅವನು ನಿರ್ಧರಿಸಿದ. ಜೂಜು ಅಂದರೆ ಜೂಜೇ.

ಮಾಲೆಮೆ ರನ್‌ವೇ ಕಡಲ ದಂಡೆಗೆ ಅಂಟಿಕೊಂಡಿದೆ. ಅದರ ಪಶ್ಚಿಮಕ್ಕೆ ತವ್ರೊನಿಟಿಸ್ ಎಂಬ ಹೊಳೆಯ ಅಗಲವಾದ ಕಲ್ಲುಪಾತ್ರ, ಬೇಸಿಗೆಯಲ್ಲಿ ಹೆಚ್ಚುಕಡಿಮೆ ಒಣಗಿದ್ದು. ದಕ್ಷಿಣಕ್ಕೆ ರನ್‌ವೇಯನ್ನು ಮೇಲಿಂದ ನೋಡುವ ಗುಡ್ಡ. ನಕ್ಷೆಯಲ್ಲಿ ಅದರ ಎತ್ತರ 107 ಮೀಟರ್ ಎಂದಿದ್ದರಿಂದ ಸೈನಿಕರ ಬಾಯಲ್ಲಿ '107ರ ಗುಡ್ಡ'. ಅದು ಯಾರ ಕೈಯಲ್ಲಿದೆಯೋ ರನ್‌ವೇ ಅವರದು. ಗುಡ್ಡ ಮತ್ತು ರನ್‌ವೇ ಕಾಯುತ್ತಿದ್ದದ್ದು ನ್ಯೂಜಿಲೆಂಡಿನ 22ನೇ ಬೆಟಾಲಿಯನ್, ಸುಮಾರು 600 ಜನ. ನಾಯಕ ಲೆಫ್ಟಿನೆಂಟ್ ಕರ್ನಲ್ ಲೆಸ್ಲಿ ಆಂಡ್ರ್ಯೂ, ಮೊದಲ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವನು. ಹೇಡಿಯಂತೂ ಅಲ್ಲ. ಹೊಳೆಯ ಆಚೆ ದಂಡೆಯಲ್ಲಿ ಯಾರೂ ಇರಲಿಲ್ಲ. ಅಲ್ಲಿ ಗ್ರೀಕ್ ಪಡೆಯನ್ನು ಇರಿಸುವ ಮಾತು ಬಂದಿತ್ತು, ಕಾಲ ಮೀರಿತ್ತು. ಜರ್ಮನ್ ದಾಳಿ ರೆಜಿಮೆಂಟಿನ ಹೆಚ್ಚಿನ ಭಾಗ ಆ ಖಾಲಿ ಜಾಗದಲ್ಲೇ ಇಳಿದು, ಪೆಟ್ಟಿಗೆಗಳನ್ನು ಕೂಡಿಸಿಕೊಂಡು, ಹೊಳೆಯ ಸೇತುವೆಯತ್ತ ಒತ್ತಿತು. ಅವರ ನಾಯಕ ಮೈಂಡ್ಲ್ ಆರಂಭದಲ್ಲೇ ತೀವ್ರವಾಗಿ ಗಾಯಗೊಂಡ.

ದಿನವಿಡೀ ಬಾಂಬಿನಿಂದ ಟೆಲಿಫೋನ್ ತಂತಿ ತುಂಡಾಗಿ, ಆಂಡ್ರ್ಯೂವಿಗೆ ತನ್ನ ಮುಂದಿನ ಎರಡು ಕಂಪನಿಗಳ ಸುದ್ದಿಯೇ ಇಲ್ಲ. ವೈರ್‌ಲೆಸ್ ಇದ್ದದ್ದು ಒಂದು, ಅದೂ ಬಿಟ್ಟುಬಿಟ್ಟು ಕೆಲಸ ಮಾಡುತ್ತಿತ್ತು. ಕಷ್ಟಕ್ಕೆ ಸಿಲುಕಿದರೆ ಆಕಾಶಕ್ಕೆ ಬಣ್ಣದ ಜ್ವಾಲೆ ಹಾರಿಸಿದರೆ ಪಕ್ಕದ 23ನೇ ಬೆಟಾಲಿಯನ್ ಬರಬೇಕು ಎಂಬ ಏರ್ಪಾಡಿತ್ತು. ಹಾರಿಸಿದರು, ಧೂಳು ಹೊಗೆಯಲ್ಲಿ ಯಾರೂ ನೋಡಲಿಲ್ಲ. ಸಂಜೆ ಐದರ ಹೊತ್ತಿಗೆ ವೈರ್‌ಲೆಸ್ಸಿನಲ್ಲಿ ತನ್ನ ಮೇಲಧಿಕಾರಿ ಬ್ರಿಗೇಡಿಯರ್ ಹಾರ್ಜೆಸ್ಟ್‌ನನ್ನು ಕೇಳಿದಾಗ ಬಂದ ಉತ್ತರ, 23ನೇ ಬೆಟಾಲಿಯನ್ ತನ್ನ ಜಾಗದಲ್ಲೇ ಪ್ಯಾರಾಚೂಟಿನವರ ಜೊತೆ ಹೋರಾಡುತ್ತಿದೆ ಎಂದು. ಅಷ್ಟು ಹೊತ್ತಿಗೆ ಆ ಬೆಟಾಲಿಯನ್ನಿನ ಮುಂದಿನ ಜರ್ಮನ್ನರು ಹೆಚ್ಚಾಗಿ ಸತ್ತಾಗಿತ್ತು.

ಉಳಿದದ್ದು ಆಂಡ್ರ್ಯೂವಿನ ಕೊನೆಯ ಅಸ್ತ್ರ, ಎರಡು ಮಟಿಲ್ಡಾ ಟ್ಯಾಂಕ್. ಜರ್ಮನ್ ಪ್ಯಾರಾಚೂಟಿನವರ ಬಳಿ ಅದರ ದಪ್ಪ ಕವಚ ತೂರುವ ಆಯುಧವೇ ಇರಲಿಲ್ಲ, ಎರಡು ಸಾಕಿತ್ತು. ಕಾಲಾಳುಗಳೊಂದಿಗೆ ಹೊರಟವು. ಒಂದು ಟ್ಯಾಂಕಿನೊಳಗೆ ಕಂಡದ್ದು, ತಂದ ಮದ್ದುಗುಂಡು ಅದರ ಫಿರಂಗಿಯ ಬಾಯಿಗೆ ಹಿಡಿಯುವುದಿಲ್ಲ, ಗೋಪುರವೂ ತಿರುಗುವುದಿಲ್ಲ. ಅದು ಹಿಂದಿರುಗಿತು. ಇನ್ನೊಂದು ಸೇತುವೆಯ ಕೆಳಗೆ ಹಾದು ಹೊಳೆಪಾತ್ರದಲ್ಲಿ ಜರ್ಮನ್ನರನ್ನು ಚದುರಿಸುತ್ತ ಸಾಗಿ, ಕಲ್ಲುಬಂಡೆಗಳ ನಡುವೆ ಸಿಕ್ಕಿಕೊಂಡು ನಿಂತಿತು. ಒಳಗಿದ್ದವರು ಅದನ್ನು ಬಿಟ್ಟು ಹೊರಬಂದರು. ಮದ್ದುಗುಂಡು ಫಿರಂಗಿಗೆ ಕೂರುತ್ತದೆಯೇ ಎಂದು ಮೊದಲೇ ಒಂದು ಸಲ ನೋಡಿದ್ದರೆ! ಗ್ಯಾರೇಜಿನಲ್ಲಿ ಹತ್ತು ನಿಮಿಷದ ಕೆಲಸ. ಯುದ್ಧದ ಚರಿತ್ರೆಯಲ್ಲಿ ಇಂಥ ಹತ್ತು ನಿಮಿಷಗಳು ಎಷ್ಟು ಸಲ ಬರುತ್ತವೆ ಎಂದು ಲೆಕ್ಕ ಇಟ್ಟವರಿಲ್ಲ.

ಇದಾದ ಮೇಲೆ ಆಂಡ್ರ್ಯೂ ಹಿಂದೆ ಸರಿಯಬೇಕಾಗಬಹುದು ಎಂದ. ಹಾರ್ಜೆಸ್ಟ್ ಉತ್ತರಿಸಿದ್ದು, ಸರಿಯಲೇಬೇಕಾದರೆ ಸರಿ ಎಂಬ ಅರ್ಥದಲ್ಲಿ. ಬ್ರಿಗೇಡಿಯರ್ ಇದ್ದದ್ದು ಕೆಲವು ಕಿಲೋಮೀಟರ್ ಹಿಂದೆ. ಬಂದು ನೋಡಲಿಲ್ಲ. ಎರಡು ಕಂಪನಿ ನೆರವಿಗೆ ಕಳಿಸಿದ, ಅವು ಕತ್ತಲಾದ ಮೇಲೆ ತಲುಪಿದವು. ತನ್ನ ಮುಂದಿನ ಎರಡು ಕಂಪನಿಗಳು ಪೂರ್ತಿ ನಾಶವಾಗಿವೆ ಎಂದು ನಂಬಿದ್ದ ಆಂಡ್ರ್ಯೂ, ಬೆಳಗಾದರೆ ವಿಮಾನಗಳು ಬೋಳುಗುಡ್ಡದ ಮೇಲೆ ಉಳಿದವರನ್ನೂ ಮುಗಿಸುತ್ತವೆ ಎಂದೆಣಿಸಿ ರಾತ್ರಿಯಲ್ಲಿ 107ರ ಗುಡ್ಡ ಬಿಟ್ಟು ಪೂರ್ವಕ್ಕೆ ನಡೆದ.

ಆ ಎರಡು ಕಂಪನಿಗಳು ಸತ್ತಿರಲಿಲ್ಲ. ಒಂದು ರನ್‌ವೇ ಅಂಚಿನಲ್ಲಿ, ಇನ್ನೊಂದು ಸೇತುವೆಯ ಬಳಿ ಜಾಗ ಬಿಡದೆ ಕುಳಿತಿದ್ದವು. ಆದೇಶಕ್ಕಾಗಿ ಗುಡ್ಡಕ್ಕೆ ಆಳು ಕಳಿಸಿದರೆ ಅಲ್ಲಿ ಯಾರೂ ಇಲ್ಲ. ಆಮೇಲೆ ಅವೂ ಹೊರಟವು. ಬೆಳಗ್ಗೆ ಅಂಜುತ್ತ ಗುಡ್ಡ ಹತ್ತಿದ ಜರ್ಮನ್ನರಿಗೆ ಗುಡ್ಡ ಖಾಲಿ. ಅವರ ಬಳಿ ಗುಂಡು ಮುಗಿಯುತ್ತ ಬಂದಿತ್ತು. ಆ ರಾತ್ರಿ ಗಟ್ಟಿಯಾದ ಒಂದು ಪ್ರತಿದಾಳಿ ಆಗಿದ್ದರೆ ದಣಿದ ತನ್ನವರು ನಿಲ್ಲುತ್ತಿರಲಿಲ್ಲ ಎಂದು ಯುದ್ಧದ ನಂತರ ಸ್ಟುಡೆಂಟ್ ತಾನೇ ಒಪ್ಪಿಕೊಂಡಿದ್ದಾನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಮೇ 21ರ ಬೆಳಗ್ಗೆ ಸ್ಟುಡೆಂಟ್ ಕಳಿಸಿದ ಕ್ಲಾಯೆ ಎಂಬ ಕ್ಯಾಪ್ಟನ್ ಒಂದು ಯುಂಕರ್ಸನ್ನು ಮಾಲೆಮೆಯಲ್ಲಿ ಇಳಿಸಿ, ಗುಂಡಿನ ನಡುವೆಯೇ ಮತ್ತೆ ಹಾರಿಸಿಕೊಂಡು ಹೋದ. ಇಳಿಯಬಹುದು ಅನ್ನುವುದು ಖಚಿತವಾಯಿತು. ಸಂಜೆ ಐದರ ಹೊತ್ತಿಗೆ ಐದನೇ ಪರ್ವತ ವಿಭಾಗದ ಮೊದಲ ಬೆಟಾಲಿಯನ್ ಬರತೊಡಗಿತು. ಪೂರ್ವದಿಂದ ಬ್ರಿಟಿಷ್ ಫಿರಂಗಿಗಳು ಹೊಡೆಯುತ್ತಿದ್ದವು. ವಿಮಾನಗಳು ಉರಿಯುತ್ತಿದ್ದವು, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು, ಸೈನಿಕರು ಓಡುತ್ತಿರುವ ವಿಮಾನದಿಂದಲೇ ಹಾರಿ ಹಳ್ಳಕ್ಕೆ ಬೀಳುತ್ತಿದ್ದರು. ಕಸಿದುಕೊಂಡ ಬ್ರಿಟಿಷ್ ಕವಚ ವಾಹನಗಳಿಂದಲೇ ಜರ್ಮನ್ನರು ಆ ಅವಶೇಷಗಳನ್ನು ಪಕ್ಕಕ್ಕೆ ಎಳೆದು ದಾರಿ ಬಿಡಿಸಿದರು. ಹತ್ತು ವಿಮಾನ ಸುಟ್ಟರೂ ಹನ್ನೊಂದನೆಯದು ಇಳಿಯುತ್ತದೆ. ಪ್ಯಾರಾಚೂಟಿಗೂ ರನ್‌ವೇಗೂ ಇರುವ ವ್ಯತ್ಯಾಸ ಇದು: ಇಲ್ಲಿ ಇಳಿಯುವವನು ರೈಫಲ್ ಹಿಡಿದು, ತನ್ನ ಹತ್ತು ಜನರ ಜೊತೆ, ತನ್ನ ಮಾರ್ಟರ್ ಹೊತ್ತುಕೊಂಡೇ ಇಳಿಯುತ್ತಾನೆ.

ನಿಮ್ಮ ಪ್ರಶ್ನೆಯ ಎರಡನೇ ಭಾಗ, ದಿನ ಗೊತ್ತಿದ್ದೂ ಹೀಗೇಕೆ ಅನ್ನುವುದು. ಗೊತ್ತಿದ್ದದ್ದು ನಿಜ. ಬ್ರಿಟಿಷರ ಗೂಢಲಿಪಿ ಬಿಡಿಸುವ ಕೇಂದ್ರವಾದ ಬ್ಲೆಚ್ಲಿ ಪಾರ್ಕ್, ಜರ್ಮನ್ ವಾಯುಪಡೆ ಎನಿಗ್ಮಾ ಎಂಬ ಗೂಢಲಿಪಿ ಯಂತ್ರದಿಂದ ಕಳಿಸುತ್ತಿದ್ದ ಸಂದೇಶಗಳನ್ನು ಓದುತ್ತಿತ್ತು, ದ್ವೀಪದ ದಂಡನಾಯಕ ಜನರಲ್ ಬರ್ನಾರ್ಡ್ ಫ್ರೇಬರ್ಗ್‌ಗೆ ಅದರ ಸಾರ ಬರುತ್ತಿತ್ತು. ಮೇ 20ರ ಬೆಳಗಿನ ತಿಂಡಿಯ ಹೊತ್ತಿಗೆ ಆಕಾಶ ತುಂಬಿದಾಗ ಆತ ಗಡಿಯಾರ ನೋಡಿ, ಸರಿಯಾದ ಹೊತ್ತಿಗೇ ಬಂದಿದ್ದಾರೆ ಅಂದದ್ದನ್ನು ಅಲ್ಲಿದ್ದ ಅಧಿಕಾರಿಯೊಬ್ಬರು ನೆನಪಿಸಿಕೊಂಡಿದ್ದಾರೆ. ಆದರೆ ಸಂದೇಶಗಳಲ್ಲಿ ಸಮುದ್ರದ ಪಡೆಯ ಮಾತೂ ಇತ್ತು. ದ್ವೀಪ ಅಂದಮೇಲೆ ಶತ್ರು ಹಡಗಿನಲ್ಲೇ ಬರುತ್ತಾನೆ ಎಂದು ಆ ಕಾಲದ ಯಾವ ದಂಡನಾಯಕನ ಮನಸ್ಸೂ ಹೇಳುತ್ತಿತ್ತು. ಫ್ರೇಬರ್ಗ್ ದೊಡ್ಡ ಪಡೆಯನ್ನು ದಂಡೆಯುದ್ದಕ್ಕೂ ಕಡಲ ಕಡೆ ಮುಖ ಮಾಡಿ ನಿಲ್ಲಿಸಿದ. ಅವನು ಸಂದೇಶವನ್ನು ತಪ್ಪಾಗಿ ಓದಿದನೋ, ಎನಿಗ್ಮಾದ ಗುಟ್ಟು ಬಯಲಾಗಬಾರದೆಂದು ಪಡೆಯನ್ನು ಸರಿಸದೆ ಉಳಿದನೋ ಎಂಬ ಜಗಳ, 1974ರಲ್ಲಿ ಆ ಗುಟ್ಟು ಹೊರಬಿದ್ದಾಗಿನಿಂದ ಇತಿಹಾಸಕಾರರಲ್ಲಿ ನಡೆದೇ ಇದೆ. ನನ್ನ ಮಟ್ಟಿಗೆ ಎರಡನೆಯ ವಾದ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ದಾಳಿ ಶುರುವಾದ ಮೇಲೂ ಅವನು ಕಡಲನ್ನೇ ನೋಡುತ್ತಿದ್ದ. ಇನ್ನೊಂದು ತಪ್ಪು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ: ಬ್ರಿಟಿಷರ ಕೊನೆಯ ಫೈಟರ್ ವಿಮಾನಗಳು ಮೇ 19ರಂದು ಈಜಿಪ್ಟಿಗೆ ಹೋದವು, ಆದರೂ ಮುಂದೆ ತಮಗೇ ಬೇಕಾಗುತ್ತದೆ ಎಂದು ರನ್‌ವೇಯನ್ನು ಅಗೆದು ಹಾಳುಮಾಡಲಿಲ್ಲ.

ಆ ಕಡಲಿನ ಭಯದ ಬೆಲೆ ಮೇ 21ರ ರಾತ್ರಿ ತೆರಬೇಕಾಯಿತು. ಮಾಲೆಮೆಯನ್ನು ಮರಳಿ ಹಿಡಿಯಲು ಎರಡು ಬೆಟಾಲಿಯನ್ ಗೊತ್ತುಮಾಡಿದರು: ನ್ಯೂಜಿಲೆಂಡಿನ 20ನೇ ಬೆಟಾಲಿಯನ್ ಮತ್ತು 28ನೇ ಮಾವೊರಿ ಬೆಟಾಲಿಯನ್. ಆದರೆ 20ನೆಯದು ದಂಡೆ ಕಾಯುತ್ತಿತ್ತು. ಅದರ ಜಾಗಕ್ಕೆ ಆಸ್ಟ್ರೇಲಿಯಾದ ಬೆಟಾಲಿಯನ್ ಬಂದು ಕೂರುವವರೆಗೆ ಅದು ಹೊರಡುವಂತಿಲ್ಲ. ಆಸ್ಟ್ರೇಲಿಯನ್ನರು ವಿಮಾನಗಳ ಕಾಟದಲ್ಲಿ ತಡವಾಗಿ ಬಂದರು. ರಾತ್ರಿ ಒಂದಕ್ಕೆ ಶುರುವಾಗಬೇಕಿದ್ದ ದಾಳಿ ಮೂರೂವರೆಗೆ ಶುರುವಾಯಿತು. ಮನೆ ಮನೆಯಲ್ಲಿ, ಹಳ್ಳ ಹಳ್ಳದಲ್ಲಿ ಜರ್ಮನ್ನರನ್ನು ತೆರವು ಮಾಡುತ್ತ ಸಾಗಿ ರನ್‌ವೇ ಅಂಚು ಮುಟ್ಟುವಾಗ ಬೆಳಕು ಹರಿದಿತ್ತು, ತಲೆಯ ಮೇಲೆ ವಿಮಾನಗಳು ಬಂದಿದ್ದವು. ಎರಡೂವರೆ ಗಂಟೆ ತಡ, ಅಷ್ಟೇ. ವಿಚಿತ್ರವೆಂದರೆ ಆ ರಾತ್ರಿಯೇ ಬ್ರಿಟಿಷ್ ನೌಕಾಪಡೆ ಕಡಲಿನ ಪಡೆಯನ್ನು ಚದುರಿಸಿತು. ಗ್ರೀಕ್ ಮೀನುಗಾರಿಕೆ ದೋಣಿಗಳಲ್ಲಿ ಬರುತ್ತಿದ್ದ ಪರ್ವತ ಪಡೆಯ ಮೇಲೆ ಬಿದ್ದು ಹಲವು ದೋಣಿ ಮುಳುಗಿಸಿತು, ಉಳಿದವು ತಿರುಗಿ ಹೋದವು.

ಅಲ್ಲಿಂದ ಮುಂದಿನದು ಬೇಗ ಹೇಳಬಹುದು. ಜರ್ಮನ್ನರು ದಿನಕ್ಕೊಂದಷ್ಟು ಪಡೆ ಇಳಿಸುತ್ತ ಪೂರ್ವಕ್ಕೆ ತಳ್ಳಿದರು. ಮೇ 27ರಂದು ಫ್ರೇಬರ್ಗ್‌ಗೆ ದ್ವೀಪ ಬಿಡುವ ಅನುಮತಿ ಸಿಕ್ಕಿತು. ಬಿಳಿ ಬೆಟ್ಟಗಳ ಮೇಲಿಂದ ಸಾವಿರಾರು ಜನ ನೀರಿಲ್ಲದೆ ದಕ್ಷಿಣದ ಸ್ಫಾಕಿಯಾಕ್ಕೆ ನಡೆದರು. ರಸ್ತೆ ಊರು ಮುಟ್ಟುವ ಮೊದಲೇ ಬೆಟ್ಟದ ಮೇಲೆ ನಿಂತುಹೋಗುತ್ತಿತ್ತು, ಉಳಿದದ್ದು ಆಡುಗಳ ಜಾಡು. ಒಟ್ಟು ಸುಮಾರು 16,500 ಮಂದಿ ಹಡಗು ಹತ್ತಿ ಈಜಿಪ್ಟ್ ಸೇರಿದರು, 12,000ದಷ್ಟು ಮಂದಿ ಸೆರೆಯಾದರು. ರೆಥಿಮ್ನೊದಲ್ಲಿ ಗೆದ್ದು ಕುಳಿತಿದ್ದ ಕ್ಯಾಂಪ್‌ಬೆಲ್‌ಗೆ ಹಿಂದೆ ಸರಿಯುವ ಆದೇಶ ತಲುಪಲೇ ಇಲ್ಲ, ಮೇ 30ರಂದು ಶರಣಾದ. ನೌಕಾಪಡೆ ಮೂರು ಕ್ರೂಸರ್, ಆರು ಡೆಸ್ಟ್ರಾಯರ್ ಕಳೆದುಕೊಂಡಿತು.

ಕ್ರೀಟಿನ ಜನರ ಮಾತು ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಊರವರು ಸ್ವಾಗತಿಸುತ್ತಾರೆ ಎಂದು ಜರ್ಮನ್ನರಿಗೆ ಹೇಳಿ ಕಳಿಸಿದ್ದರು. ದ್ವೀಪದ ಯುವಕರ ವಿಭಾಗ ಗ್ರೀಸ್‌ನ ಮುಖ್ಯ ನೆಲದಲ್ಲೇ ಸಿಕ್ಕಿಬಿದ್ದಿತ್ತು. ಮನೆಯಲ್ಲಿದ್ದ ಮುದುಕರು, ಹೆಂಗಸರು, ಹುಡುಗರು ಹಳೆಯ ಬೇಟೆ ಕೋವಿ, ಕೊಡಲಿ, ಕುಡುಗೋಲು ಹಿಡಿದು ಹೊರಬಂದರು. ಅದಕ್ಕೆ ಪ್ರತೀಕಾರವಾಗಿ ಜೂನ್ 2ರಂದು ಕೊಂಡೊಮಾರಿಯಲ್ಲಿ ಊರ ಗಂಡಸರನ್ನು ಆಲಿವ್ ತೋಪಿನಲ್ಲಿ ನಿಲ್ಲಿಸಿ ಗುಂಡಿಟ್ಟರು, ಮರುದಿನ ಕಂಡಾನೊಸ್ ಊರನ್ನು ನೆಲಸಮ ಮಾಡಿದರು. ಪ್ರತೀಕಾರದ ಆಜ್ಞೆ ಸ್ಟುಡೆಂಟ್‌ನದೇ.

ಇನ್ನು ಹಿಟ್ಲರ್. ಜರ್ಮನ್ನರಲ್ಲಿ ಸತ್ತವರು, ಕಾಣೆಯಾದವರು ಸೇರಿ 4,000ದ ಹತ್ತಿರ, ಅದರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ತರಬೇತಿ ಪಡೆದ ಪ್ಯಾರಾಚೂಟಿನವರು. 150ಕ್ಕೂ ಹೆಚ್ಚು ಯುಂಕರ್ಸ್ ಪೂರ್ತಿ ಹಾಳು. ಈ ವಿಮಾನಗಳು, ಚಾಲಕರು ಬಹುಪಾಲು ತರಬೇತಿ ಶಾಲೆಗಳಿಂದ ಎರವಲು ಬಂದವರು, ಹಾಗಾಗಿ ಮುಂದೆ ಚಾಲಕರನ್ನು ತಯಾರಿಸುವ ಕೆಲಸಕ್ಕೂ ಪೆಟ್ಟು. ಮೂಗಿಗಿಂತ ಮೂಗುತಿ ಭಾರ. ಜುಲೈಯಲ್ಲಿ ಹಿಟ್ಲರ್ ಸ್ಟುಡೆಂಟ್‌ಗೆ ಹೇಳಿದ್ದು, ಪ್ಯಾರಾಚೂಟ್ ಪಡೆಯ ಕಾಲ ಮುಗಿಯಿತು, ಅದರ ಬಲವೆಲ್ಲ ಅನಿರೀಕ್ಷಿತತೆಯಲ್ಲಿತ್ತು, ಈಗ ಅದು ಹೋಯಿತು ಎಂದು. 1942ರಲ್ಲಿ ಮಾಲ್ಟಾ ಮೇಲೆ ಯೋಜಿಸಿದ್ದ ಇಂಥದ್ದೇ ದಾಳಿಯನ್ನು ಕೈಬಿಟ್ಟ. ಕ್ರೀಟ್‌ನಿಂದಾಗಿ ರಷ್ಯಾ ದಾಳಿ ತಡವಾಯಿತು ಎಂದು ಕೆಲವೆಡೆ ಓದುತ್ತೀರಿ. ಈಗಿನ ಹೆಚ್ಚಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ.

ಎದುರಾಳಿಗಳು ತದ್ವಿರುದ್ಧ ಪಾಠ ಓದಿದರು. ಬ್ರಿಟನ್, ಅಮೆರಿಕ ಪ್ಯಾರಾಚೂಟ್ ಪಡೆಗಳನ್ನು ಹಿಗ್ಗಿಸಿದವು. ದೆಹಲಿಯಲ್ಲಿ 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ಹುಟ್ಟಿದ್ದೂ 1941ರ ಅಕ್ಟೋಬರಿನಲ್ಲಿ. ಹಾಗೆಂದು ಅವರಿಗೆ ಎಲ್ಲ ಸರಾಗವಾಗಲಿಲ್ಲ. 1943ರ ಜುಲೈಯಲ್ಲಿ ಸಿಸಿಲಿಯ ಮೇಲೆ ಹೋದ 144 ಗ್ಲೈಡರುಗಳಲ್ಲಿ ಅರ್ಧಕ್ಕೆ ಹತ್ತಿರ ಕಡಲಿಗೆ ಬಿದ್ದವು.

ಕ್ರೀಟಿನ ಲೆಕ್ಕವನ್ನು ಸರಿಯಾಗಿ ಬಿಡಿಸಿದ ಉದಾಹರಣೆ ಬೇಕಾದರೆ ನಮ್ಮಲ್ಲೇ ಇದೆ. 1971ರ ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ಟಾಂಗೈಲ್ ಬಳಿ 2ನೇ ಪ್ಯಾರಾ ಬೆಟಾಲಿಯನ್ ಗುಂಪು ಪುಂಗ್ಲಿ ಸೇತುವೆ ಹಿಡಿಯಲು ಇಳಿಯಿತು. ಒಂದೇ ಗುರಿ, ಸುತ್ತ ಸ್ನೇಹದ ಜನ, ಮತ್ತು ಮುಖ್ಯವಾಗಿ ಅದೇ ಸಂಜೆ ರಸ್ತೆಯಿಂದ ಬಂದು ಕೂಡಿಕೊಂಡ 1ನೇ ಮರಾಠಾ ಲೈಟ್ ಇನ್‌ಫೆಂಟ್ರಿ. ಬೆಳಗಾವಿಯಲ್ಲಿ ಕೇಂದ್ರವಿರುವ ರೆಜಿಮೆಂಟಿನ ಬೆಟಾಲಿಯನ್ ಅದು. ಇಳಿದ 2ನೇ ಪ್ಯಾರಾ ಕೂಡ ಹಿಂದೆ ಅದೇ ರೆಜಿಮೆಂಟಿನ ಮೂರನೇ ಬೆಟಾಲಿಯನ್ ಆಗಿತ್ತು. ಹಗುರ ಆಯುಧದ ಪಡೆ ಒಂಟಿಯಾಗಿ ಎಷ್ಟು ಗಂಟೆ ನಿಲ್ಲಬೇಕು ಅನ್ನುವ ಪ್ರಶ್ನೆಗೆ ಅಲ್ಲಿ ಮೊದಲೇ ಉತ್ತರವಿತ್ತು. ಕ್ರೀಟಿನಲ್ಲಿ ಸ್ಟುಡೆಂಟ್ ಆ ಉತ್ತರವನ್ನು ಎದುರಿನವರ ತಪ್ಪಿನಿಂದ ಪಡೆದ.

ನಕ್ಷೆಯಲ್ಲಿ ನೋಡಬೇಕೆಂದಿದ್ದರೆ ಹಾನ್ಯಾದಿಂದ ಪಶ್ಚಿಮಕ್ಕೆ ಕರಾವಳಿ ಹಿಡಿದು ಹೋಗಿ. ದಂಡೆಗಂಟಿದ ಮಾಲೆಮೆ ರನ್‌ವೇ, ಪಕ್ಕದಲ್ಲಿ ಹೊಳೆಪಾತ್ರ, ಅದರ ಸೇತುವೆ, ದಕ್ಷಿಣಕ್ಕೆ 107ರ ಗುಡ್ಡ, ನಾಲ್ಕೂ ಒಂದೇ ನೋಟಕ್ಕೆ ಸಿಗುತ್ತವೆ. ಗುಡ್ಡದ ಇಳಿಜಾರಿನಲ್ಲಿ ಈಗ ಜರ್ಮನ್ ಸೈನಿಕರ ಸ್ಮಶಾನವಿದೆ, 4,465 ಮಂದಿಯದು.